ಮುನ್ಸೂಚನೆಯ ಬಳೆ

ಗುರುಸಿದ್ಧವ್ವನಿಗೆ ಸಿಟ್ಟು ಬರಲಿದೆ ಎಂಬುದು ಆಕೆಗಿಂತ ಮೊದಲು ಆಕೆಯ ಎಡಗೈಯ ಬಳೆಗೆ ತಿಳಿಯಿತು.

ಮಾನಸಿಕ ಆಸ್ಪತ್ರೆಯ ಪಡಸಾಲೆಯ ಕಟ್ಟೆಯ ಮೇಲೆ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಆಕೆ ದೂರದ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಿದ್ದಳು. ಬಿಸಿಲು ಇಳಿಯುವ ಹೊತ್ತು. ನೋಡಿದವರಿಗೆ ಯಾವ ಗೊಡವೆಯೂ ಇಲ್ಲದ, ಐವತ್ತು ದಾಟಿದ ಹೆಂಗಸು. ಆದರೆ ಚರ್ಮದ ಮೇಲೆ ಬೆವರು ಕಣ್ಣಿಗೆ ಕಾಣದಷ್ಟು ಹೆಚ್ಚಿದ್ದು, ಒಂದು ಎದೆಬಡಿತಕ್ಕೂ ಮುಂದಿನದಕ್ಕೂ ನಡುವಿನ ಬಿಡುವು ಕಡಿಮೆಯಾದದ್ದು, ಉಸಿರು ಚುರುಕಾದದ್ದು ಬಳೆಗೆ ಗೊತ್ತಾಗಿತ್ತು. ಹಿಂದಿನ ಸಂಜೆಗಳ ಜೊತೆ ಇದನ್ನೆಲ್ಲ ಹೋಲಿಸಿ ನೋಡಿ, ಇನ್ನು ಕಾಲು ಗಂಟೆಯೊಳಗೆ ಈಕೆ ಕೆರಳುತ್ತಾಳೆ ಎಂದು ಅದು ಲೆಕ್ಕ ಹಾಕಿತು. ವಾರ್ಡಿನ ಸಿಬ್ಬಂದಿಯ ಮಣಿಕಟ್ಟಿನಲ್ಲಿದ್ದ ಪಟ್ಟಿಗಳೆಲ್ಲ ಒಮ್ಮೆಗೇ ಗುಂಯ್ ಎಂದು ಕಂಪಿಸಿ ಕೆಂಪಾದವು.

ಬಂದರು. ಔಷಧಿ ಕೋಣೆಯಿಂದ ಹಿರಿಯ ನರ್ಸ್ ಎಸ್ತರ್, ಮೆಟ್ಟಿಲ ಕಡೆಯಿಂದ ಇಬ್ಬರು ಕಿರಿಯ ನರ್ಸುಗಳು, ಊಟದ ಮನೆಯಿಂದ ಒಬ್ಬ ವಾರ್ಡ್ ಸಹಾಯಕ, ಅವನ ಹಿಂದೆ ಇನ್ನೊಬ್ಬ. ಎಲ್ಲರ ಮುಖದಲ್ಲೂ ನಿಜವಾದ ಕಾಳಜಿ ಇತ್ತು.

"ಯಾಕವ್ವಾ, ಏನಾತು?"

"ಏನೂ ಆಗಿಲ್ಲ, ನಾವೆಲ್ಲಾ ಇಲ್ಲೇ ಅದೀವಿ."

"ನೀರ ಕುಡೀರಿ ಸ್ವಲ್ಪ."

"ಉಸರ ಎಳಕೋರಿ, ಹಿಂಗ. ಈಗ ಬಿಡ್ರಿ."

"ಟೀವಿ ಹಚ್ಚಲೇನು?"

ಗದಗ ಸೀಮೆಯ ಜನರ ಪ್ರೀತಿಯೇ ಹೀಗೆ. ಒಬ್ಬರಿಗೆ ಕಷ್ಟ ಎಂದರೆ ಐದು ಮಂದಿ ಸೇರಿ ಐದು ಬಾಯಲ್ಲಿ ಸಮಾಧಾನ ಹೇಳದಿದ್ದರೆ ಅವರಿಗೇ ಸಮಾಧಾನವಾಗುವುದಿಲ್ಲ. ಗುರುಸಿದ್ಧವ್ವ ಎದ್ದು ನಿಂತಳು. ಆ ಕಡೆ ಹೋಗಲು ನೋಡಿದಳು, ದಾರಿಗೆ ಒಬ್ಬರು. ಈ ಕಡೆ ತಿರುಗಿದಳು, ಅಲ್ಲಿ ಇಬ್ಬರು. ಯಾರೋ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು. ಆಕೆ ಕಿರುಚಿ ಎರಡೂ ಕೈ ಬೀಸಿದಳು. ನೀರಿನ ಲೋಟ ಹಾರಿತು, ಎಸ್ತರ್ ಅವರ ಕನ್ನಡಕ ನೆಲಕ್ಕೆ ಬಿತ್ತು. ಸೂಜಿ ಚುಚ್ಚಿ ಆಕೆಯನ್ನು ಮಲಗಿಸಿದಾಗ, ಬಳೆ ಹೇಳಿದ್ದ ಕಾಲು ಗಂಟೆ ಇನ್ನೂ ಮುಗಿದಿರಲಿಲ್ಲ.

"ನೋಡಿದ್ರೇನ್ರೀ ಸರ್?" ಎಂದಳು ಪಡಸಾಲೆಯ ತುದಿಯಲ್ಲಿ ನಿಂತಿದ್ದ ನಸೀಮಾ ಅತ್ತಾರ.

"ನೋಡಿದೆ" ಎಂದರು ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಹಂಪಿಹೊಳಿ. "ಇವತ್ತೂ ತಪ್ಪಲಿಲ್ಲ ನಿಮ್ಮ ಬಳಿ."

ಆ ಬಳೆ ನಸೀಮಾಳ ಕೂಸು. ವಿಜಯಪುರದಲ್ಲಿ ಹುಟ್ಟಿ ಬೆಳೆದು, ಧಾರವಾಡದ ಪ್ರಯೋಗಾಲಯದಲ್ಲಿ ಹತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದು ಅದನ್ನು ಮಾಡಿದ್ದಳು. ಎರಡು ಸಾವಿರದ ಐವತ್ತೊಂದನೇ ಇಸವಿಯ ಹೊತ್ತಿಗೆ ಅದು ಈ ಆಸ್ಪತ್ರೆಗೆ ಬಂದು ಮೂರು ವರ್ಷವಾಗಿತ್ತು. ಅದು ಬರುವ ಮುಂಚೆ ರೋಗಿ ಕೆರಳಿದ ಮೇಲೆಯೇ ಸಿಬ್ಬಂದಿಗೆ ಗೊತ್ತಾಗುತ್ತಿದ್ದುದು. ಆಮೇಲೆ ಹಿಡಿದೆಳೆದಾಟ, ಕೈಕಾಲು ಕಟ್ಟುವುದು. ಈಗ ಕಟ್ಟುವ ಬೆಲ್ಟುಗಳು ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದವು. ಗಂಡಸರ ವಾರ್ಡಿನಲ್ಲಿ ಕೊಟ್ರೇಶ ಎಂಬ ಹುಡುಗನಿದ್ದ. ಇದ್ದಕ್ಕಿದ್ದಂತೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಬಳೆಯಿಂದಾಗಿ ಯಾರಾದರೊಬ್ಬರು ಸಕಾಲಕ್ಕೆ ಬರುವಂತಾಗಿ ಅವನ ತಲೆ ಉಳಿಯಿತು. ನೂರು ಸಲ ಕೆಂಪಾದರೆ ತೊಂಬತ್ತು ಸಲ ಬಳೆ ಹೇಳಿದ್ದು ನಿಜವಾಗುತ್ತಿತ್ತು. ರಾಜ್ಯದ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಇದನ್ನು ಕೊಡುವ ಮಾತು ನಡೆದಿತ್ತು. ನಸೀಮಾ ಸ್ವಲ್ಪ ಬೀಗಿದ್ದರೆ ತಪ್ಪೇನೂ ಇಲ್ಲ.

ಆ ಸಂಜೆ ಗೇಟಿನ ಹತ್ತಿರ ಅವಳನ್ನು ಒಬ್ಬ ಹೆಂಗಸು ತಡೆದು ನಿಲ್ಲಿಸಿದಳು. ನಗರ ಸಾರಿಗೆಯ ಚಾಲಕಿಯ ಸಮವಸ್ತ್ರ, ಬೆವರಿದ ಮುಖ. ಹೆಸರು ಶಿವಲೀಲಾ, ಗುರುಸಿದ್ಧವ್ವನ ಒಬ್ಬಳೇ ಮಗಳು.

"ಮೇಡಂ, ನಮ್ಮವ್ವನ್ನ ಮನಿಗೆ ಕರಕೊಂಡ ಹೋಗಬೇಕಂತ ವರ್ಷ ಆತ್ರಿ ಓಡ್ಯಾಡಾಕತ್ತು. ಒಂದ ತಿಂಗಳ ಬಳಿ ಕೆಂಪ ಆಗದಿದ್ರ ಕಳಸ್ತೀವಿ ಅಂತಾರ. ಅದು ದಿನಾ ಆಕ್ಕೈತಿ. ಈಗ ನೋಡಿದ್ರ ಒಳವಾರ್ಡಿಗೆ ಹಾಕ್ತೀವಿ ಅನ್ನಾಕತ್ತಾರ."

ಒಳವಾರ್ಡ್ ಎಂದರೆ ಹಿಂದಿನ ಕಟ್ಟಡ, ಬೀಗದ ಬಾಗಿಲು. ಅಲ್ಲಿಗೆ ಹೋದವರು ಮನೆಗೆ ಮರಳುವುದು ಅಪರೂಪ ಎಂದು ನಸೀಮಾಗೂ ಗೊತ್ತಿತ್ತು.

"ನಾ ಡಾಕ್ಟರ್ ಅಲ್ಲಮ್ಮ" ಎಂದಳು. "ಬಳಿ ಮಾಡಿದಾಕಿ ಅಷ್ಟ."

"ಅದಕ್ಕ ನಿಮ್ಮನ್ನ ಕೇಳೂದ್ರಿ. ನಮ್ಮವ್ವನ್ನ ಹಿಡಕೊಂಡ ಕುಂತಿದ್ದು ನಿಮ್ಮ ಬಳೀನ."

"ಬಳಿ ಸುಳ್ಳ ಹೇಳೂದಿಲ್ಲ ಶಿವಲೀಲಾ" ಎಂದು ಹೇಳಿ ನಸೀಮಾ ಕಾರು ಹತ್ತಿದಳು.

ಮುಂದಿನ ವಾರ ಬಳೆ ಸುಳ್ಳು ಹೇಳಿತು.

ಕಿರಿಯ ನರ್ಸ್ ಒಬ್ಬಳಿಗೆ ಏಳು ತಿಂಗಳು ತುಂಬಿತ್ತು. ಅವಳ ತವರು ದೂರ, ಆದ್ದರಿಂದ ವಾರ್ಡಿನವರೇ ಊಟದ ಮನೆಯಲ್ಲಿ ಕುಬಸ ಮಾಡಿದರು. ಕುಬಸವೆಂದ ಮೇಲೆ ಬಸುರಿಗೆ ಹಸಿರು ಸೀರೆ, ಹಸಿರು ಬಳೆ. ಬಳೆಗಾರ್ತಿ ಬಂದವಳು ಬಸುರಿಗೊಬ್ಬಳಿಗೇ ಇಟ್ಟು ಹೋಗುತ್ತಾಳೆಯೇ? ಎಲ್ಲ ಹೆಂಗಸರೂ ಕೈ ಚಾಚಿದರು. ಗಾಜಿನ ಬಳೆ ಏರಬೇಕಾದರೆ ಮಣಿಕಟ್ಟಿನ ಪಟ್ಟಿ ತೆಗೆಯಬೇಕು. ತೆಗೆದು ಒಂದು ತಾಟಿನಲ್ಲಿ ಹಾಕಿದರು. ಗಂಡಸರು ಹೋಳಿಗೆಯ ಎಲೆಯ ಮುಂದಿದ್ದರು. ಸೋಬಾನೆಯ ಗದ್ದಲದಲ್ಲಿ ತಾಟು ಗುಂಯ್‌ಗುಡುತ್ತ ಕೆಂಪಾದದ್ದು ಯಾರಿಗೂ ಕೇಳಿಸಲಿಲ್ಲ. ಪಟ್ಟಿಗಳ ನೆನಪಾದಾಗ ಎಸ್ತರ್ ಎದೆ ಬಡಿದುಕೊಳ್ಳುತ್ತ ಪಡಸಾಲೆಗೆ ಓಡಿದರು. ಅಲ್ಲಿ ಗುರುಸಿದ್ಧವ್ವ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ಫೋನಿನಲ್ಲಿ ಇದನ್ನು ಕೇಳಿದಾಗ ನಸೀಮಾಗೆ ಸಂತೋಷವಾಗಲಿಲ್ಲ, ಕಿರಿಕಿರಿಯಾಯಿತು. ಬಳೆ ಸಡಿಲಾಗಿರಬೇಕು, ಇಲ್ಲವೇ ಒಳಗೆ ನೀರು ಹೋಗಿರಬೇಕು. ಮರುದಿನವೇ ಬಂದು ಬಿಚ್ಚಿ ನೋಡಿದಳು. ಬಳೆ ಗಟ್ಟಿಮುಟ್ಟಾಗಿತ್ತು. ಹಾಗಾದರೆ ತಪ್ಪಿದ್ದು ಯಾಕೆ? ಯೋಚಿಸುತ್ತ ಕುಳಿತವಳ ತಲೆಯಲ್ಲಿ ಒಂದು ಅನುಮಾನ ಮೂಡಿತು. ಅದು ಅವಳಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

"ಸಿಸ್ಟರ್, ಇವತ್ತ ಸಂಜೀಕ ಕೆಂಪ ಆದ್ರೂ ಯಾರೂ ಬರಬ್ಯಾಡ್ರಿ" ಎಂದಳು ಎಸ್ತರ್‌ಗೆ. "ನಾ ಒಬ್ಬಾಕಿ ಇರ್ತೀನಿ."

"ಯಾರಿಗರ ಹೊಡದ್ರ?"

"ನೀವು ಬಾಗಲದ ಹಿಂದ ನಿಂತಿರ್ರಿ. ನಾ ಕೈ ಎತ್ತಿದ್ರ ಬರ್ರಿ. ಆದದ್ದಕ್ಕ ನಾ ಜವಾಬ್ದಾರಿ."

ಎಸ್ತರ್ ಒಪ್ಪಿದರು, ಆದರೆ ಒಲ್ಲದ ಮನಸ್ಸಿನಿಂದ. ನಸೀಮಾ ಸಿಬ್ಬಂದಿಯ ಪಟ್ಟಿಯೊಂದನ್ನು ತನ್ನ ಕೈಗೂ ಕಟ್ಟಿಕೊಂಡಳು. ರೋಗಿಯ ಬಳೆ, ಸಿಬ್ಬಂದಿಯ ಪಟ್ಟಿ ಎರಡೂ ಒಂದೇ ಯಂತ್ರ. ಎದೆಬಡಿತ ಅಳೆಯುವ ಭಾಗ ಪಟ್ಟಿಯಲ್ಲೂ ಇತ್ತು, ಬೇಕಿಲ್ಲವೆಂದು ನಿಲ್ಲಿಸಿಟ್ಟಿದ್ದರು ಅಷ್ಟೇ. ಅವಳು ಅದನ್ನು ಚಾಲೂ ಮಾಡಿ, ಪಡಸಾಲೆಯ ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕುಳಿತಳು.

ಬಿಸಿಲು ಇಳಿಯಿತು, ಪಟ್ಟಿ ಕಂಪಿಸಿತು. ಗುರುಸಿದ್ಧವ್ವ ಎದ್ದಳು. ಕಂಬದಿಂದ ಗೋಡೆಗೆ, ಗೋಡೆಯಿಂದ ಕಂಬಕ್ಕೆ ಬಿರಬಿರನೆ ನಡೆಯತೊಡಗಿದಳು. ತುಟಿ ಅಲುಗಿತು. ನಿಂತಳು. ಗಾಳಿಯಲ್ಲಿ ಎರಡೂ ಅಂಗೈ ತಟ್ಟತೊಡಗಿದವು, ಟಪ ಟಪ ಟಪ ಟಪ. ದನಿ ಏರಿತು.

"ಬಿಸಿ ರೊಟ್ಟಿ ಒಯ್ಯವಾ! ಪಲ್ಯೆ ತೀರೇತಿ, ಯಾರಿಗೆ ಹೇಳೂದಿದು? ಆ ಮೂಲ್ಯಾಗ ಮಂದಿ ಕುಂತೈತಿ, ಕಣ್ಣ ಕಾಣೂದಿಲ್ಲೇನು?"

ನಸೀಮಾಗೆ ಎದೆ ಬಾಯಿಗೆ ಬಂತು. ಎದ್ದು ಹೋಗಿ ಆಕೆಯ ಕೈ ಹಿಡಿದು "ಸಮಾಧಾನ, ಸಮಾಧಾನ" ಎನ್ನಬೇಕೆಂದು ಮೈಯೆಲ್ಲ ತುಡಿಯಿತು. ಬಾಗಿಲ ಹಿಂದೆ ಎಸ್ತರ್ ಅವರ ನೆರಳು ಎರಡು ಸಲ ಮುಂದೆ ಬಂದು ಹಿಂದೆ ಸರಿಯಿತು. ಪಡಸಾಲೆಯ ಉಳಿದ ರೋಗಿಗಳು ಮಾತ್ರ ತಮ್ಮಷ್ಟಕ್ಕೆ ತಾವಿದ್ದರು. ಒಬ್ಬ ಮುದುಕಿ ಆ ಟಪ ಟಪಕ್ಕೆ ಸರಿಯಾಗಿ ತಲೆ ತೂಗುತ್ತಿದ್ದಳು. ಕೂಗು ಇನ್ನೊಂದಿಷ್ಟು ಏರಿ, ಅಲ್ಲಿಯೇ ನಿಂತು, ಮೆಲ್ಲಗೆ ಇಳಿಯತೊಡಗಿತು. ಗುರುಸಿದ್ಧವ್ವ ಇಲ್ಲದ ನೀರಿನಲ್ಲಿ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಕಟ್ಟೆಯ ಮೇಲೆ ಕುಳಿತಳು. ಆಗಲೇ ಮೂಲೆಯಲ್ಲಿದ್ದ ನಸೀಮಾ ಆಕೆಯ ಕಣ್ಣಿಗೆ ಬಿದ್ದದ್ದು.

"ಯಾರವಾ ನೀನು? ಉಂಡಿ ಏನು?"

"ಇಲ್ರಿ."

"ಇಷ್ಟೊತ್ತನಾ ಸುಮ್ಮ ಕುಂತಿದ್ದೇನು? ರೊಟ್ಟಿ ತೀರ್ಯಾವು ನೋಡ."

ನಸೀಮಾಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಸ್ಟೂಲು ಬಿಟ್ಟು ಏಳದೆ, ಕುಳಿತಲ್ಲಿಂದಲೇ ಕೇಳಿದಳು. "ನಿಮ್ಮದು ಖಾನಾವಳಿ ಇತ್ತೇನ್ರಿ?"

"ಬೆಟಗೇರಿಯೊಳಗ. ಸಂಜೀಕ ನಿಂದ್ರಾಕ ಜಾಗಾ ಇರ್ತಿದ್ದಿಲ್ಲ."

"ಮತ್ತ ಆ ನರ್ಸ್‌ಗಳಿಗೆ ಯಾಕ ಹೊಡೀತೀರಿ?"

ಗುರುಸಿದ್ಧವ್ವ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಕೆಲಸದ ಹೊತ್ತಿನ್ಯಾಗ ಐದೈದ ಮಂದಿ ಮೈಮ್ಯಾಲೆ ಬಂದ ನಿಂತ್ರ ರೊಟ್ಟಿ ಹೊತ್ತೂದಿಲ್ಲೇನು?" ಆಮೇಲೆ ದನಿ ತಗ್ಗಿಸಿ ಹೇಳಿದಳು. "ಇಲ್ಲಿ ಒಲಿ ಇಲ್ಲಂತ ನನಗೂ ಗೊತ್ತೈತಿ ತಂಗಿ. ಕೈ ಕೇಳೂದಿಲ್ಲ."

ಆಕೆಗೆ ಕಾಯಿಲೆ ಇದ್ದದ್ದು ನಿಜ. ಇಲ್ಲದ ದನಿಗಳು ಕೇಳುತ್ತಿದ್ದವು, ಗುಳಿಗೆ ನುಂಗದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅದನ್ನು ಬಳೆಯೂ ಬದಲಿಸಲಾರದು, ಈ ಕತೆಯೂ ಬದಲಿಸಲಾರದು. ಆದರೆ ದಿನದ ಆ ಒಂದು ಹೊತ್ತಿನ ಏರಿಕೆ ತಾನಾಗಿ ಏರಿ ತಾನಾಗಿ ಇಳಿಯುವಂಥದು. ಅದನ್ನು ಹೊಡೆದಾಟ ಮಾಡುತ್ತಿದ್ದುದು ಅದನ್ನು ತಡೆಯಲು ಬಂದವರು. ಅವರನ್ನು ಕರೆಯುತ್ತಿದ್ದುದು ಬಳೆ.

ನಸೀಮಾ ತನ್ನ ಮಣಿಕಟ್ಟು ನೋಡಿಕೊಂಡಳು. ಯಂತ್ರದ ಲೆಕ್ಕದಲ್ಲಿ ಆ ಪಡಸಾಲೆಯಲ್ಲಿ ಕೆರಳುವ ಹಂತಕ್ಕೆ ಅತಿ ಹತ್ತಿರ ಹೋಗಿದ್ದವಳು ಅವಳೇ.

ಎರಡು ದಿನ ಈ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಹತ್ತು ವರ್ಷದ ದುಡಿಮೆ, ನೂರಕ್ಕೆ ತೊಂಬತ್ತು ಎಂಬ ಹೆಮ್ಮೆ. ಅದರಲ್ಲಿ ಎಷ್ಟು ಪಾಲು ಬಳೆಯ ಜಾಣತನ, ಎಷ್ಟು ಪಾಲು ಅದು ಕಳಿಸಿದ ಜನರ ಗದ್ದಲ? ಮಳೆ ಬರುತ್ತದೆ ಎಂದು ಸಾರಿ ತಾನೇ ಕೊಡ ಸುರಿದಂತಾಯಿತಲ್ಲ ಎಂದು ನಾಚಿಕೆಯಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು, ಬರಲಿಲ್ಲ ಎಂದು ಹೇಳಿ ಅವಳನ್ನು ದೊಡ್ಡವಳನ್ನಾಗಿ ಮಾಡುವುದು ಬೇಡ. ಆದರೆ ಸುಮ್ಮನಿದ್ದರೆ ಗುರುಸಿದ್ಧವ್ವ ಒಳವಾರ್ಡಿಗೆ ಹೋಗುತ್ತಾಳೆ. ಮೂರನೆಯ ದಿನ ಸಿಬ್ಬಂದಿಯ ಅಷ್ಟೂ ಪಟ್ಟಿಗಳಲ್ಲಿ ಅಳೆಯುವ ಭಾಗವನ್ನು ಚಾಲೂ ಮಾಡಿಸಿದಳು.

ಒಂದು ವಾರ ಸಾಕಾಯಿತು. ವಾರ್ಡು ವಾರ್ಡಿನಲ್ಲೂ ಅದೇ ಕಾಣಿಸಿತು. ಕೆಂಪು ಸುದ್ದಿ ಮುಟ್ಟಿದ ಕೂಡಲೇ ಮೊದಲು ಏರುತ್ತಿದ್ದುದು ಸಿಬ್ಬಂದಿಯ ಎದೆಬಡಿತ. ಅವರು ಓಡಿ ಬಂದು ಸುತ್ತುಗಟ್ಟಿದ ಮೇಲೆ ರೋಗಿಯದು ಒಮ್ಮೆಲೇ ಮೇಲೆ ಹಾರುತ್ತಿತ್ತು. ಬಾಯಲ್ಲಿ "ಏನೂ ಆಗಿಲ್ಲ" ಎಂಬ ಮಾತು, ಮುಖದಲ್ಲಿ ಎಲ್ಲ ಆಗಿಹೋಗಿದೆ ಎಂಬ ಗಾಬರಿ. ರೋಗಿಗಳು ಮಾತು ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಕೊಟ್ರೇಶನ ವಿಷಯ ಮಾತ್ರ ಬೇರೆ. ಅವನಿಗೆ ಯಾರಾದರೂ ಬೇಗ ಬರಲೇಬೇಕು. ಆದರೆ ಅಲ್ಲಿಯೂ ಒಬ್ಬರು ಬಂದು ಪಕ್ಕದಲ್ಲಿ ಕುಳಿತ ದಿನ ಅವನು ಬೇಗ ಇಳಿಯುತ್ತಿದ್ದ, ನಾಲ್ವರು ಬಂದ ದಿನ ತಡವಾಗುತ್ತಿತ್ತು.

ಹಂಪಿಹೊಳಿಯವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಂಗಾದ್ರ ಇಷ್ಟ ದಿನ ನಾವ ಅವರನ್ನ ಕೆಣಕಿದಿವಿ ಅಂತೀರೇನು?"

"ಬೇಕಂತ ಅಲ್ರಿ ಸರ್. ಸುಮ್ಮ ಮಾಡಾಕ ಹೋಗಿ."

"ಮುಂದ?"

"ಬಳಿ ಇರಲಿ. ಆದ್ರ ಕೆಂಪ ಆದ ಕೂಡ್ಲೆ ಓಡಬಾರದು. ಮೊದಲ ನಮ್ಮ ಕೈಯಾಗಿನ ಪಟ್ಟಿ ನೋಡ್ಕೋಬೇಕು. ಯಾರ ಎದಿಬಡಿತ ಸಾವಕಾಶ ಇದ್ದು ಪಟ್ಟಿ ಹಸರ ಐತಿ, ಅವರೊಬ್ಬರ ಹೋಗಬೇಕು. ಹೋಗಿ ಕೆಳಗ ಕುಂದರಬೇಕು. ಬಾಗಲಾ ಕಟ್ಟಬಾರದು, ಮೈ ಮುಟ್ಟಬಾರದು. ಏನ ಬೇಕು ಅಂತ ಕೇಳಿ, ಕೇಳಿದ ಮ್ಯಾಲೆ ಬಾಯಿ ಮುಚ್ಕೊಂಡ ಕುಂದರಬೇಕು."

"ಕಡೀದು ಎಲ್ಲಾಕಿಂತ ಕಷ್ಟ" ಎಂದು ಬಾಗಿಲಲ್ಲಿ ನಿಂತಿದ್ದ ಎಸ್ತರ್ ನಕ್ಕರು.

ಹಂಪಿಹೊಳಿ ನಗಲಿಲ್ಲ. "ಹಿಂಗ ಮಾಡಿದ್ರ ಬಳಿ ಹೇಳಿದ್ದು ಖರೇ ಆಗೂದ ಕಡಿಮಿ ಆಕ್ಕೈತಿ. ತೊಂಬತ್ತಿದ್ದದ್ದು ಅರವತ್ತಕ್ಕ ಇಳಿದ್ರ ಸರಕಾರದವರು ಈ ಯಂತ್ರಾನ ಬ್ಯಾಡ ಅಂತಾರ. ಯೋಚನಿ ಮಾಡಿರೇನು?"

"ಮಾಡೀನ್ರಿ ಸರ್" ಎಂದಳು ನಸೀಮಾ. "ಹವಾಮಾನದವರು ಹೇಳಿದ್ದು ಖರೇ ಆಗಬೇಕು, ಇದು ಹಂಗಲ್ಲ. ಈ ಬಳಿ ಹೇಳಿದ್ದು ಎಷ್ಟ ಸುಳ್ಳ ಆಕ್ಕೈತೋ ನಾವು ಅಷ್ಟ ಚಲೋ ಕೆಲಸ ಮಾಡೀವಿ ಅಂತ. ಬ್ಯಾಡ ಅಂದ್ರ ಅನ್ನಲಿ."

ಸರಕಾರದವರು ಬೇಡ ಎನ್ನಲಿಲ್ಲ. ಅಳೆಯುವ ರೀತಿ ಬದಲಾಗಬೇಕೆಂದು ಒಂದು ವರ್ಷ ಕುಳಿತು ಚರ್ಚೆ ಮಾಡಿದರು, ಅದು ಅವರ ಸ್ವಭಾವ. ಈ ಆಸ್ಪತ್ರೆಯಲ್ಲಿ ಮಾತ್ರ ಹೊಸ ಪದ್ಧತಿ ಮರುದಿನವೇ ಶುರುವಾಯಿತು. ಸುಲಭವಾಗೇನೂ ಆಗಲಿಲ್ಲ. ಹಸಿರು ಪಟ್ಟಿಯವರೊಬ್ಬರು ಒಳಗೆ ಹೋದರೆ ಉಳಿದ ನಾಲ್ವರು ಕಿಟಕಿಯಲ್ಲಿ ಇಣುಕಿ ಸನ್ನೆಯಲ್ಲೇ ಸಲಹೆ ಕೊಡುತ್ತಿದ್ದರು. ಎಸ್ತರ್ ಅವರ ಪಟ್ಟಿ ಮೊದಲ ಹದಿನೈದು ದಿನ ಹಸಿರಾಗಲೇ ಇಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ತಾನು ಯಾವತ್ತೂ ಹೆದರಿಲ್ಲ ಎಂದುಕೊಂಡಿದ್ದ ಅವರಿಗೆ, ದಿನವೂ ಹೆದರಿಕೊಂಡೇ ಕೆಲಸ ಮಾಡಿದ್ದೇನೆ ಎಂದು ಆಗ ತಿಳಿದದ್ದು. ಒಂದು ದಿನ ಔಷಧಿ ಕೋಣೆಯಲ್ಲಿ ಕುಳಿತು ಅತ್ತರು. ಆಮೇಲೆ ಮುಖ ತೊಳೆದು, ನಿಧಾನ ಉಸಿರಾಡುವುದನ್ನು ರೋಗಿಗಳಿಗೆ ಹೇಳಿಕೊಡುವ ಬದಲು ತಾವೇ ಕಲಿತರು.

ಗುರುಸಿದ್ಧವ್ವನ ಸಂಜೆಯ ಹೊತ್ತಿಗೆ ಅಡುಗೆಮನೆಯಿಂದ ಒಂದು ಅಗಲ ಪರಾತದಲ್ಲಿ ನಾದಿದ ಜೋಳದ ಹಿಟ್ಟು ಬರತೊಡಗಿತು. ಆಕೆ ಕೂಗುವುದನ್ನು ಬಿಡಲಿಲ್ಲ. ಹಿಟ್ಟಿನ ಹದ ಸರಿಯಿಲ್ಲ ಎಂದು ಅಡುಗೆಯವರನ್ನು ಬೈಯುವುದೂ ಸೇರಿಕೊಂಡಿತು. ಬಳೆ ದಿನವೂ ಕೆಂಪಾಯಿತು. ಆದರೆ ಆಕೆ ಯಾರ ಮೇಲೂ ಕೈ ಎತ್ತಲಿಲ್ಲ, ಸೂಜಿಯ ಸುದ್ದಿಯೇ ಬರಲಿಲ್ಲ. ಕೆಂಪಾಗದಿದ್ದರೆ ಮನೆಗೆ ಎಂಬ ನಿಯಮವನ್ನು ಹಂಪಿಹೊಳಿಯವರೇ ತೆಗೆದುಹಾಕಿದರು. ಗುಳಿಗೆ ತಪ್ಪಿಸಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಹೇಳಿ, ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದರು.

ಹೊರಡುವ ದಿನ ನಸೀಮಾ ಧಾರವಾಡದಿಂದ ಬಂದಿದ್ದಳು. ಗುರುಸಿದ್ಧವ್ವನ ಕೈಯಿಂದ ಬಳೆಯನ್ನು ತಾನೇ ಬಿಚ್ಚಿದಳು. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿಯ ಗೆರೆ ಉಳಿದಿತ್ತು, ಅದನ್ನು ಆಕೆ ಹೆಬ್ಬೆರಳಿನಿಂದ ತಿಕ್ಕಿ ನೋಡಿಕೊಂಡಳು. ಎಸ್ತರ್ ಆಕೆಯ ಕೈ ಹಿಡಿದುಕೊಂಡು ನಿಧಾನವಾಗಿ ಬಸ್ಸಿನ ಕಡೆ ನಡೆದರು. ಹಿಂದೆ ಉಳಿದ ಶಿವಲೀಲಾ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಮೇಡಂ, ಮನ್ಯಾಗ ಬಳಿ ಇರೂದಿಲ್ಲಲ್ರಿ. ನಾ ಹೆಂಗ ತಿಳಕೊಳ್ಳಲಿ?"

"ಮುಖಾ ನೋಡಿದ್ರ ತಿಳಿತೈತಿ. ಅವ್ವಂದಲ್ಲ, ಮೊದಲ ನಿಂದು ನೋಡ್ಕೋ. ನಿನ್ನ ಎದಿ ಹೊಡಕೋತಿದ್ರ ಹೊರಗ ನಿಂತು ಒಂದೀಟ ತಡಿ. ಆಮ್ಯಾಲೆ ಹೋಗಿ ಬಾಜೂಕ ಕುಂದ್ರು."

"ಅಷ್ಟ ಏನ್ರಿ?"

"ಅಷ್ಟ."

ಶಿವಲೀಲಾ ಬಗ್ಗಿ ಚೀಲವನ್ನು ನೆಲಕ್ಕಿಟ್ಟಳು.

"ನಮ್ಮವ್ವಗ ಇದು ಮೊದಲನೇ ಸಲ ಆದಾಗ ನಾ ಎಂಟ ವರ್ಷದಾಕಿ. ಎರಡ ಸಾವಿರದ ಇಪ್ಪತ್ತಾರನೇ ಇಸವಿ. ಖಾನಾವಳ್ಯಾಗ ಒಬ್ಬಾಕೀನ ಮಾತಾಡಕೋತ ಚೀರಾಕತ್ತಿದ್ಲು. ಓಣ್ಯಾಗಿನ ಮಂದೆಲ್ಲಾ ಓಡಿ ಬಂದ್ರು. ಕಾಕಾ, ದೊಡ್ಡವ್ವ, ಬಾಜೂ ಅಂಗಡಿಯವರು. ಸುಮ್ಮನಾಗ ಸುಮ್ಮನಾಗ ಅಂತ ಎಲ್ಲಾರೂ ಒದರಾಕತ್ರು. ಆಕಿ ಇನ್ನಷ್ಟ ಚೀರಿದ್ಲು. ಕಡೀಕ ಹಗ್ಗಾ ತಂದು ಕಂಬಕ್ಕ ಕಟ್ಟಿದ್ರು. ನಾ ಬಾಗಲದಾಗ ನಿಂತಿದ್ದೆ." ಅವಳು ತಲೆಯೆತ್ತಿದಳು. "ನೀವು ಈಗ ಹೇಳಿದ್ದು ಮಾಡಾಕ ಬಳಿ ಬೇಕಿತ್ತೇನ್ರಿ ಆವಾಗ?"

ಹತ್ತು ವರ್ಷ ಆ ಬಳೆಗಾಗಿ ಬದುಕಿದ್ದ ನಸೀಮಾ ಕೈಯಲ್ಲಿದ್ದ ಬಳೆಯನ್ನು ನೋಡಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಬೇಕಿದ್ದಿಲ್ಲ" ಎಂದಳು. "ಒಬ್ಬರು ಕುಂತಿದ್ರ ಸಾಕಿತ್ತು."

ಶಿವಲೀಲಾ ಕಣ್ಣೊರೆಸಿಕೊಂಡಳು. ಆದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ಮಂದಿ ಕೆಟ್ಟವರಲ್ರಿ ಮೇಡಂ" ಎಂದಳು. "ಯಾರರ ಅವರಿಗೆ ಆವಾಗ ಹೇಳಬೇಕಿತ್ತು."